ಪಾತ್ರ ಊರಲ್ಲೇ ಹುಟ್ಟಬೇಕು

ಆಫ್ರಿಕಾ ಮೂಲದ ನಟರು ಅವಕಾಶ ಹುಡುಕಿಕೊಂಡು ಅಲೆಯುವ ಕಥೆ ಕೇಳಲು ಶಿಗ್ಗಾಂವಿಯವರು ಸಮುದ್ರ ದಾಟಬೇಕಾಗಿಲ್ಲ. ಇಲ್ಲಿಂದ ಮುಂಡಗೋಡದ ಬಸ್ ಹತ್ತಿದರೆ ಸಾಕು. ಗೋವಿನಜೋಳ, ಹತ್ತಿಯ ಹೊಲಗಳು ಹಿಂದೆ ಸರಿದು ಕಾಡು ಸುರುವಾಗುತ್ತದೆ. ಮುಂಡಗೋಡ, ಹಳಿಯಾಳ, ಯಲ್ಲಾಪುರ, ಅಂಕೋಲಾ ತಾಲ್ಲೂಕುಗಳ ಆ ಕಾಡಿನ ಅಂಚಿನಲ್ಲಿ ಸಿದ್ದಿಗಳ ಊರುಗಳಿವೆ. ಪೋರ್ಚುಗೀಸರು ಗುಲಾಮರನ್ನಾಗಿ ಮಾಡಿ ಗೋವೆಗೆ ತಂದ ಆಫ್ರಿಕನ್ನರು ತಪ್ಪಿಸಿಕೊಂಡು ಬಂದು ಘಟ್ಟ ಸೇರಿದರು, ಅವರ ಮಕ್ಕಳು ಮೊಮ್ಮಕ್ಕಳು ಇವರು. ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಶಾಲೆಯಲ್ಲೂ ಸಂತೆಯಲ್ಲೂ ಕನ್ನಡ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

ಹಿಂದೊಮ್ಮೆ ನಮ್ಮ ತಾಲ್ಲೂಕಿನ ಗೊಟಗೋಡಿಯಲ್ಲಿ ಸಿದ್ದಿ ತಂಡವೊಂದು ತಮ್ಮ ಚರ್ಮವಾದ್ಯ ಡಮಾಮಿ ಬಾರಿಸಿದ್ದನ್ನು ನೋಡಿದ್ದೆ. ಬಾರಿಸುವವನ ಎರಡೂ ಅಂಗೈ ಚರ್ಮದ ಮೇಲೆ ಬಿದ್ದು ಏಳುವಷ್ಟರಲ್ಲಿ, ಕುಣಿಯುವ ಹೆಂಗಸರ ಭುಜ ಮುಂದಿನ ಪೆಟ್ಟಿಗೆ ತಯಾರಾಗಿರುತ್ತಿತ್ತು. ಎಣಿಸಿ ಕಲಿತ ತಾಳ ಅದಲ್ಲ. ಕುಣಿತ ಮುಗಿದ ಮೇಲೆ ತಂಡದ ಹುಡುಗನೊಬ್ಬ ಚಹಾ ಕುಡಿಯುತ್ತ ಮಾತಿಗೆ ಸಿಕ್ಕ. ನಾಟಕ ಕಲಿತವನು, ಕನ್ನಡ ಸ್ವಚ್ಛವಾಗಿತ್ತು. ಸಿನಿಮಾಕ್ಕೆ ಪ್ರಯತ್ನ ಮಾಡಿಲ್ಲವೇ ಎಂದು ಕೇಳಿದೆ. "ಮಾಡೇನ್ರಿ ಸರ. ಬೆಂಗಳೂರಾಗ ನನ್ನ ಮುಖ ನೋಡಿದ ಕೂಡ್ಲೆ, ಡ್ರಗ್ಸ್ ಮಾರೋ ನೈಜೀರಿಯಾದವನ ಪಾತ್ರ ಐತಿ, ಇಂಗ್ಲಿಷ್ ಬರ್ತದೇನು ಅಂತ ಕೇಳ್ತಾರ. ನಾ ಕನ್ನಡದಾಗ ಡೈಲಾಗ್ ಹೇಳಿ ತೋರಿಸಿದ್ರ ನಗ್ತಾರ್ರಿ" ಅಂದ. ಮುಂದೆ ಕೇಳಲು ನನಗೆ ಬಾಯಿ ಬರಲಿಲ್ಲ.

ಇದು ಬೆಂಗಳೂರೊಂದರ ಕಥೆಯಲ್ಲ. ಆಫ್ರಿಕಾದಿಂದ ಹಾಲಿವುಡ್ಡಿಗೆ ಹೋದ ದೊಡ್ಡ ನಟರಿಗೆ ಹೆಸರು ತಂದ ಪಾತ್ರಗಳನ್ನು ಸುಮ್ಮನೆ ಸಾಲಾಗಿ ನೋಡಿ. ಬೆನಿನ್ ದೇಶದಲ್ಲಿ ಹುಟ್ಟಿದ ಜೀಮೊನ್ ಹೌನ್‌ಸು ಜಗತ್ತಿಗೆ ಗೊತ್ತಾದದ್ದು 1997ರ 'ಅಮಿಸ್ಟಾಡ್'ನಲ್ಲಿ, ಸರಪಳಿ ಬಿಗಿದ ಗುಲಾಮನಾಗಿ. ಸೊಮಾಲಿಯಾದ ಬರ್ಕಾದ್ ಅಬ್ದಿ ಆಸ್ಕರ್ ನಾಮನಿರ್ದೇಶನದವರೆಗೆ ಹೋದದ್ದು 'ಕ್ಯಾಪ್ಟನ್ ಫಿಲಿಪ್ಸ್'ನಲ್ಲಿ, ಕಡಲ್ಗಳ್ಳನಾಗಿ. ಕೀನ್ಯಾದ ಲುಪಿಟಾ ನ್ಯೊಂಗೊ 2014ರಲ್ಲಿ ಆಸ್ಕರ್ ಎತ್ತಿಕೊಂಡದ್ದು 'ಟ್ವೆಲ್ವ್ ಇಯರ್ಸ್ ಎ ಸ್ಲೇವ್'ನಲ್ಲಿ, ಮತ್ತೆ ಗುಲಾಮಳಾಗಿ. ಮೂವರೂ ಅಸಾಧಾರಣ ನಟರು, ಚಿತ್ರಗಳೂ ಸಾಮಾನ್ಯದವಲ್ಲ. ಆದರೆ ಪರದೇಶದ ಚಿತ್ರರಂಗ ಬಾಗಿಲು ತೆರೆಯುವಾಗ ಯಾವ ಬಾಗಿಲು ತೆರೆಯುತ್ತದೆ ಎಂಬುದು ಈ ಸಾಲಿನಲ್ಲಿ ನಿಚ್ಚಳವಾಗಿ ಕಾಣುತ್ತದೆ. ಅವರಿಗೆ ಬೇಕಾದ ಮುಖವನ್ನು ಅವರು ಕರೆಯುತ್ತಾರೆ, ಆ ಮುಖದ ಹಿಂದಿನ ಬದುಕನ್ನು ಕರೆಯುವುದಿಲ್ಲ.

ನಮ್ಮ ದೇಶಕ್ಕೆ ಬಂದ ಆಫ್ರಿಕಾದ ನಟರಲ್ಲಿ ನೈಜೀರಿಯಾದ ಸಾಮ್ಯುಯೆಲ್ ರಾಬಿನ್ಸನ್ ಅದೃಷ್ಟವಂತರು. 2018ರ ಮಲಯಾಳಂ ಚಿತ್ರ 'ಸುಡಾನಿ ಫ್ರಮ್ ನೈಜೀರಿಯಾ' ಅವರಿಗೆ ಪೂರ್ಣ ಮನುಷ್ಯನ ಪಾತ್ರ ಕೊಟ್ಟಿತು. ಮಲಪ್ಪುರಂನ ಸೆವೆನ್ಸ್ ಫುಟ್‌ಬಾಲ್ ಆಡಲು ಬಂದು, ಕಾಲು ಮುರಿದುಕೊಂಡು, ಗುರುತು ಪರಿಚಯವಿಲ್ಲದ ತಾಯಂದಿರ ಆರೈಕೆಯಲ್ಲಿ ಮಲಗಿರುವ ಆಟಗಾರ. ಅವನಿಗೂ ಒಂದು ಮನೆಯಿದೆ, ಕಾಯುವವರಿದ್ದಾರೆ, ಅವನಿಗೂ ಅಳು ಬರುತ್ತದೆ. ಚಿತ್ರ ಗೆದ್ದ ಮೇಲೆ ರಾಬಿನ್ಸನ್ ತಮ್ಮ ಬಣ್ಣದ ಕಾರಣಕ್ಕೆ ಸಂಭಾವನೆ ಕಡಿಮೆ ಸಿಕ್ಕಿತೆಂದು ಬಹಿರಂಗವಾಗಿ ದೂರಿದರು. ಆಮೇಲೆ ಮಾತುಕತೆಯಾಗಿ, ನಿರ್ಮಾಪಕರು ಹೆಚ್ಚಿನ ಹಣ ಕೊಟ್ಟು, ವಿಷಯ ಬಗೆಹರಿಯಿತು. ಪಾತ್ರ ಒಳ್ಳೆಯದು ಸಿಕ್ಕರೂ ಪರಊರಿನ ನಟ ಕೂಲಿಗಾಗಿ ದನಿಯೆತ್ತಬೇಕಾಯಿತು ಎನ್ನುವುದು ಮಾತ್ರ ಉಳಿಯಿತು.

ಇನ್ನು ಕನ್ನಡದ ಮಾತು. ಸಿದ್ದಿಗಳಲ್ಲಿ ನಟರಿಲ್ಲ, ತರಬೇತಿಯಿಲ್ಲ ಎಂದು ಯಾರೂ ಹೇಳುವಂತಿಲ್ಲ. ಹೆಗ್ಗೋಡಿನ ನೀನಾಸಂ ಎಂಬತ್ತರ ದಶಕದಲ್ಲೇ ಈ ಸಮುದಾಯದ ಕಡೆ ಕಣ್ಣು ಹಾಯಿಸಿತ್ತು. ಚಿದಂಬರರಾವ್ ಜಂಬೆಯವರು ಸಿದ್ದಿಗಳನ್ನೇ ಕಟ್ಟಿಕೊಂಡು ನೈಜೀರಿಯಾದ ಚಿನುವ ಅಚಿಬೆಯ ಕಾದಂಬರಿಯನ್ನು ಕನ್ನಡದಲ್ಲಿ ನಾಟಕ ಮಾಡಿಸಿದರು. ನೂರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದವರ ಮೊಮ್ಮಕ್ಕಳು ಆಫ್ರಿಕಾದ ಹಳ್ಳಿಯೊಂದು ಬಿಳಿಯರ ಕೈಯಲ್ಲಿ ಒಡೆದುಹೋದ ಕಥೆಯನ್ನು ಕನ್ನಡ ಮಾತಿನಲ್ಲಿ ರಂಗಕ್ಕೆ ತಂದರು. ಕನ್ನಡ ರಂಗಭೂಮಿ ಮಾಡಿದ ಹಿರಿದಾದ ಕೆಲಸಗಳಲ್ಲಿ ಇದೊಂದು. ಮುಂದೆ ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯವರನ್ನು ಯೋಗರಾಜ ಭಟ್ಟರು 2011ರ 'ಪರಮಾತ್ಮ'ದಲ್ಲಿ ತೆರೆಗೆ ತಂದರು. ಗಿರಿಜಾ ಸಿದ್ದಿ ರಂಗಭೂಮಿಯಲ್ಲಿ ಗಟ್ಟಿ ಹೆಸರು. 2021ರಲ್ಲಿ 'ಸಲಗ' ಬಂದಾಗ ಗಿರಿಜಾ, ಗೀತಾ ಸಿದ್ದಿ ಮುಂತಾದವರು ಹಾಡಿದ 'ಟಿಣಿಂಗ ಮಿಣಿಂಗ ಟಿಶ್ಯಾ' ಊರೂರಿನ ಜಾತ್ರೆಯ ಸ್ಪೀಕರಿನಲ್ಲೂ ಕೇಳಿತು. ಹಾಡು ಮನೆಮಾತಾಯಿತು. ಆದರೆ ಆ ಹಾಡಿನ ಬೆನ್ನಿಗೆ ಸಿದ್ದಿ ಹೆಣ್ಣುಮಗಳೊಬ್ಬಳ ಬಾಳುವೆಯನ್ನು ಕಥೆಯಾಗಿಸಿ, ಅದಕ್ಕೆ ಸಿದ್ದಿ ನಟಿಯನ್ನೇ ನಾಯಕಿ ಮಾಡಿ ದೊಡ್ಡ ಚಿತ್ರ ತೆಗೆಯಲು ಗಾಂಧಿನಗರದಿಂದ ಯಾರೂ ಮುಂದೆ ಬರಲಿಲ್ಲ.

ಸಿದ್ದಿಗಳ ಬಾಳುವೆಯನ್ನು ಚಿತ್ರವಾಗಿಸಲು ಕೈಹಾಕಿದವರು ಹೊರಗಿನವರು. ಮಲಯಾಳಿ ನಿರ್ದೇಶಕ ಜಯನ್ ಚೆರಿಯನ್ ಯಲ್ಲಾಪುರದ ಕಡೆಯ ಸಿದ್ದಿಗಳ ನಡುವೆ ಕೂತು 'ರಿದಮ್ ಆಫ್ ಡಮ್ಮಾಮ್' ಮಾಡಿದರು. ಅಜ್ಜ ತೀರಿಕೊಂಡ ಮೇಲೆ ಪೂರ್ವಿಕರ ಗುಲಾಮಗಿರಿಯ ನೆನಪು ಮೈಮೇಲೆ ಬಂದಂತಾಗುವ ಹುಡುಗನ ಕಥೆ. ಪಾತ್ರಧಾರಿಗಳು ಸಿದ್ದಿಗಳೇ, ಚಿನ್ಮಯ ಸಿದ್ದಿ ಎಂಬ ಹುಡುಗ ಮುಖ್ಯ ಪಾತ್ರದಲ್ಲಿ. 2024ರ ನವೆಂಬರಿನಲ್ಲಿ ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು. ಯಾವ ಗೋವೆಯಿಂದ ಪೂರ್ವಜರು ಓಡಿ ಬಂದಿದ್ದರೋ ಅದೇ ಗೋವೆಗೆ ಈ ಮಕ್ಕಳು ನಟರಾಗಿ ಹೋದರು. ಸಂತೋಷವೇ. ಆದರೂ ನಮ್ಮ ಮಗ್ಗುಲಿನ ಜಿಲ್ಲೆಯ ಕಥೆಯನ್ನು ಹೇಳಲು ಹೊರಗಿನಿಂದ ಒಬ್ಬರು ಬರಬೇಕಾಯಿತಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ಹೊರಗೆ ಹೋಗುವುದು ನಮ್ಮ ಸೀಮೆಯ ಕಲಾವಿದರಿಗೂ ಹೊಸದಲ್ಲ. ಹುಬ್ಬಳ್ಳಿ ಬದಿಯ ಅದರಗುಂಚಿಯ ಹುಡುಗಿ ಶಾಂತಾ ಹುಬಳೀಕರ ಆಗಿ ಪುಣೆಯ ಪ್ರಭಾತ್ ಕಂಪನಿ ಸೇರಿದರು, 1939ರಲ್ಲಿ ವಿ. ಶಾಂತಾರಾಮರ 'ಮಾಣೂಸ್' ಅವರನ್ನು ಮರಾಠಿಗರ ಮನೆಮಗಳಾಗಿಸಿತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ಹಿಂದಿ ಸಿನಿಮಾದ ದೊಡ್ಡ ಗಾಯಕಿಯಾದರು. ಆಗ ಈ ಭಾಗದಲ್ಲಿ ನಾಟಕ ಕಂಪನಿಗಳಿದ್ದವು, ಸ್ಟುಡಿಯೋ ಇರಲಿಲ್ಲ. ಕೊಲ್ಹಾಪುರ, ಪುಣೆ, ಮುಂಬಯಿಯೇ ಹತ್ತಿರದ ದಾರಿ. ಅವರು ಹೋದದ್ದರಲ್ಲಿ ತಪ್ಪೇನೂ ಇಲ್ಲ. ಹೊರಗೆ ಹೋದ ನಟ ಮರಳಿ ಬರಲು ಊರಿನಲ್ಲಿ ಒಂದು ಒಳ್ಳೆಯ ಪಾತ್ರ ಕಾದಿರಬೇಕು, ನನ್ನ ಮಾತು ಇಷ್ಟೇ.

ಅಂಥದ್ದು ಒಮ್ಮೆ ನಡೆದಿದೆ. ಪ್ರಕಾಶ್ ರೈ ಕನ್ನಡದಲ್ಲಿ ಚಿಕ್ಕಪುಟ್ಟ ಪಾತ್ರ ಮಾಡುತ್ತಿದ್ದವರು. ಕೆ. ಬಾಲಚಂದರ್ ಅವರ 1994ರ 'ಡ್ಯುಯೆಟ್' ಅವರನ್ನು ತಮಿಳಿನ ಪ್ರಕಾಶ್ ರಾಜ್ ಮಾಡಿತು. ಅಲ್ಲಿ ಖಳನಾಗಿ ಗೆದ್ದ ಅವರನ್ನು ಟಿ.ಎಸ್. ನಾಗಾಭರಣ 1997ರಲ್ಲಿ 'ನಾಗಮಂಡಲ'ಕ್ಕೆ ಕರೆತಂದರು. ಗಿರೀಶ ಕಾರ್ನಾಡರ ನಾಟಕ, ಗೋಪಾಲ ವಾಜಪೇಯಿಯವರು ಬರೆದ ನಮ್ಮ ಕಡೆಯ ಮಾತು. ಆ ಚಿತ್ರದಲ್ಲಿ ಗಂಡನೂ ಅವರೇ, ಗಂಡನ ರೂಪ ತೊಟ್ಟು ಬರುವ ನಾಗನೂ ಅವರೇ. ಅಪ್ಪಣ್ಣ ಒಳಗೆ ಬಂದಾಗ ಆ ಮನೆಯ ಗಾಳಿಯೇ ಬಿಗಿಯಾಗುತ್ತದೆ, ಬಾಯಿಂದ ಬರುವ ಒಂದೊಂದು ಮಾತೂ ಅಪ್ಪಣೆ. ನಾಗ ಬಂದಾಗ ಅದೇ ಮೈ, ಅದೇ ಧೋತರ, ಆದರೆ ಕಣ್ಣುಗಳು ತಗ್ಗಿರುತ್ತವೆ, ಮಾತಿನ ಕೊನೆ ಮೆತ್ತಗಾಗುತ್ತದೆ. ಮೇಕಪ್ಪಿನಲ್ಲಿ ಸಾಧಿಸಿದ್ದಲ್ಲ ಇದು, ಆಡುಮಾತಿನ ಏರಿಳಿತದಲ್ಲಿ ಸಾಧಿಸಿದ್ದು. ಉತ್ತರ ಕರ್ನಾಟಕದ ಮಾತೆಂದರೆ ನಗೆಪಾಟಲಿನ ಪಾತ್ರಕ್ಕೆ ಮೀಸಲು ಎಂದು ತಿಳಿದಿದ್ದ ಚಿತ್ರರಂಗಕ್ಕೆ, ಈ ಮಾತಿನಲ್ಲಿ ಪ್ರೇಮವನ್ನೂ ಭಯವನ್ನೂ ಆಡಬಹುದು ಎಂದು 'ನಾಗಮಂಡಲ' ತೋರಿಸಿತು.

ಅದೇ ನಾಗಾಭರಣರು ಅದಕ್ಕೂ ಮುಂಚೆ, 1990ರಲ್ಲಿ, ನಮ್ಮ ತಾಲ್ಲೂಕಿನ ಶಿಶುನಾಳಕ್ಕೆ ಬಂದಿದ್ದರು ಎನ್ನಬೇಕು. 'ಸಂತ ಶಿಶುನಾಳ ಶರೀಫ'ದಲ್ಲಿ ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾದರು, ಸಿ. ಅಶ್ವತ್ಥ್ ಸಂಗೀತ ಕೊಟ್ಟರು. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ಇದೇ ತಾಲ್ಲೂಕಿನ ಬಾಡದ ಕನಕದಾಸರ ಕಥೆಯಲ್ಲಿ 1960ರಲ್ಲೇ ರಾಜಕುಮಾರ್ 'ಭಕ್ತ ಕನಕದಾಸ' ಆಗಿದ್ದರು. ಒಂದು ಸಣ್ಣ ತಾಲ್ಲೂಕಿನಿಂದ ಇಂಥ ಎರಡು ಚಿತ್ರಗಳಿಗೆ ಕಥೆ ಹೋಗಿದೆ. ಆದರೆ ಶಿಶುನಾಳ, ಬಾಡ, ಬಂಕಾಪುರದ ಯಾವ ಹುಡುಗನೂ ಆ ಚಿತ್ರಗಳಿಂದ ದೊಡ್ಡ ನಟನಾಗಿ ಹೊರಬರಲಿಲ್ಲ. ಕಥೆ ನಮ್ಮಿಂದ ಹೋಯಿತು, ನಟರು ಹೋಗಲಿಲ್ಲ.

ಹಾಗಾದರೆ ಹಳ್ಳಿಯ ನಟರ ಮೈಯಲ್ಲಿ ಕಸುವಿಲ್ಲವೇ? ಹಾನಗಲ್ ತಾಲ್ಲೂಕಿನ ಶೇಷಗಿರಿಗೆ ಹೋಗಿ ನೋಡಿ. ಹೊಲದಲ್ಲಿ ದುಡಿದು ಬಂದವರು ಸಂಜೆ ಗಜಾನನ ಯುವಕ ಮಂಡಳದ ತಾಲೀಮಿಗೆ ನಿಲ್ಲುತ್ತಾರೆ. ಅಷ್ಟು ಸಣ್ಣ ಊರಿನಲ್ಲಿ ಸುಸಜ್ಜಿತ ರಂಗಮಂದಿರ ಎದ್ದಿದೆ, ಊರೇ ಪ್ರೇಕ್ಷಕ. ಪಾತ್ರ ಬರೆಯುವವರು ಬಂದರೆ ನಟರು ಇಲ್ಲಿ ಸಿದ್ಧವಿದ್ದಾರೆ.

ಒಂದು ಒಳ್ಳೆಯ ಊರಿನ ಚಿತ್ರ ನಟನನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದಕ್ಕೆ ಎಂ.ವಿ. ವಾಸುದೇವರಾಯರು ಸಾಕ್ಷಿ. 1975ರ 'ಚೋಮನ ದುಡಿ'ಯಲ್ಲಿ ಅವರ ಚೋಮ ಕೊನೆಗೆ ಗುಡಿಸಲಿನ ಬಾಗಿಲು ಹಾಕಿಕೊಂಡು ಒಬ್ಬನೇ ದುಡಿ ಬಾರಿಸುತ್ತಾನೆ. ಹೊಲ ಸಿಗಲಿಲ್ಲ, ಮಕ್ಕಳು ಉಳಿಯಲಿಲ್ಲ, ಉಳಿದದ್ದು ಕೈ ಮತ್ತು ಚರ್ಮ. ಬಿ.ವಿ. ಕಾರಂತರ ಆ ಚಿತ್ರಕ್ಕೆ ಸ್ವರ್ಣಕಮಲ ಬಂತು, ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಎರಡೇ ವರ್ಷಕ್ಕೆ ಬಂಗಾಳದ ಮೃಣಾಲ್ ಸೇನ್ ತೆಲುಗಿನಲ್ಲಿ 'ಒಕ ಊರಿ ಕಥಾ' ಮಾಡುವಾಗ ಮುಖ್ಯ ಪಾತ್ರಕ್ಕೆ ಇವರನ್ನೇ ಕರೆದರು. ಬಣ್ಣದ ಕಾರಣಕ್ಕೋ ಆಕಾರದ ಕಾರಣಕ್ಕೋ ಬಂದ ಕರೆಯಲ್ಲ ಅದು, ಅಭಿನಯದ ಕಾರಣಕ್ಕೆ ಬಂದದ್ದು.

ಪಾತ್ರ ತಮ್ಮ ಊರಲ್ಲೇ ಹುಟ್ಟಬೇಕೆಂಬುದನ್ನು ಆಫ್ರಿಕಾದವರೂ ಬೇಗ ಕಂಡುಕೊಂಡರು. ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಕಾದಂಬರಿಕಾರ. ತನ್ನ ಜನ ಓದಲಾರರು, ನೋಡಬಲ್ಲರು ಎಂದು ಸಿನಿಮಾಕ್ಕೆ ಬಂದವರು. 1968ರ ಅವರ 'ಮಂಡಾಬಿ' ಫ್ರೆಂಚನ್ನು ಬದಿಗಿಟ್ಟು ಜನರಾಡುವ ವೊಲೊಫ್ ಭಾಷೆಯಲ್ಲಿ ಮಾತಾಡಿತು. ಪ್ಯಾರಿಸಿನಿಂದ ಬಂದ ಮನಿಆರ್ಡರು ಬಿಡಿಸಿಕೊಳ್ಳಲು ಕಚೇರಿಯಿಂದ ಕಚೇರಿಗೆ ಅಲೆದು ಸೋಲುವವನ ಕಥೆ ಅದು. ನಮ್ಮ 'ತಬರನ ಕಥೆ' ನೋಡಿದವರಿಗೆ ಆ ಅಲೆದಾಟ ಪರಕೀಯ ಎನಿಸುವುದಿಲ್ಲ. ಬುರ್ಕಿನಾ ಫಾಸೋದ ವಾಗಡೂಗು ಪಟ್ಟಣದಲ್ಲಿ 1969ರಿಂದ ಆಫ್ರಿಕಾದ್ದೇ ಚಿತ್ರೋತ್ಸವ ನಡೆದುಕೊಂಡು ಬಂದಿದೆ. ನೈಜೀರಿಯಾದಲ್ಲಿ 1992ರಲ್ಲಿ ಇಗ್ಬೊ ಭಾಷೆಯ 'ಲಿವಿಂಗ್ ಇನ್ ಬಾಂಡೇಜ್' ವಿಡಿಯೋ ಕ್ಯಾಸೆಟ್ಟಿನಲ್ಲೇ ಬಂದು, ಅಲ್ಲಿಯ ದೊಡ್ಡ ಉದ್ಯಮಕ್ಕೆ ನಾಂದಿ ಹಾಡಿತು. ಆ ಉದ್ಯಮದಲ್ಲಿ ತರಾತುರಿಯಲ್ಲಿ ಸುತ್ತಿದ ಕಳಪೆ ಚಿತ್ರಗಳೂ ಬೇಕಾದಷ್ಟಿವೆ. ಆದರೆ ನೈಜೀರಿಯಾದ ನಟ ಅಲ್ಲಿ ವಕೀಲನಾಗಬಹುದು, ಪ್ರೇಮಿಯಾಗಬಹುದು, ಜಿಪುಣ ಅಪ್ಪನಾಗಬಹುದು.

ಇನ್ನು ಇಲ್ಲಿಯ ಮಾತಿಗೆ ಬಂದರೆ, ನಮ್ಮ ಸರ್ಕಾರ ಗುಣಮಟ್ಟದ ಹೆಸರಿನಲ್ಲಿ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ, ತುಳು, ಕೊಡವ, ಕೊಂಕಣಿ ಚಿತ್ರಗಳಿಗೂ ಕೊಡುತ್ತದೆ. ಆ ಹಣದಲ್ಲಿ ಆದ ಚಿತ್ರಗಳು ಸವಣೂರು, ಹಿರೇಕೆರೂರಿನ ಜನರ ಕಣ್ಣಿಗೆ ಬೀಳುವುದು ಅಪರೂಪ. ಸಹಾಯಧನ ಪಡೆದ ಚಿತ್ರ ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ಪ್ರದರ್ಶನವಾದರೂ ಕಾಣಬೇಕೆಂಬ ಕಟ್ಟಳೆ ಬೇಕು. ನೋಡುವವರಿಲ್ಲದ ಕಡೆ ಗುಣಮಟ್ಟ ಬೆಳೆಯುವುದಿಲ್ಲ. ಉತ್ತರ ಕನ್ನಡದ ನಟೇಶ್ ಹೆಗಡೆ ತಮ್ಮ ತಂದೆ ಗೋಪಾಲ ಹೆಗಡೆಯವರನ್ನೇ ಮುಖ್ಯ ಪಾತ್ರಕ್ಕೆ ನಿಲ್ಲಿಸಿ ಮಾಡಿದ 'ಪೆದ್ರೊ' 2021ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವಕ್ಕೆ ಹೋಯಿತು. ನಮಗಿಂತ ಮುಂಚೆ ಕೊರಿಯಾದವರು ಅದನ್ನು ನೋಡಿದರು.

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಡಮಾಮಿಯ ಸದ್ದು ಅಲ್ಲಿಗೆ ಪರಕೀಯವಲ್ಲ. 'ರಿದಮ್ ಆಫ್ ಡಮ್ಮಾಮ್', 'ಪೆದ್ರೊ', 'ಮಂಡಾಬಿ', 'ಸಂತ ಶಿಶುನಾಳ ಶರೀಫ' ಈ ನಾಲ್ಕನ್ನು ಅಲ್ಲಿ ನಾಲ್ಕು ಸಂಜೆ ತೋರಿಸಲಿ. ಮುಂಡಗೋಡ, ಯಲ್ಲಾಪುರದ ಸಿದ್ದಿ ನಟರನ್ನೂ ಶೇಷಗಿರಿಯ ನಟರನ್ನೂ ಕರೆಸಲಿ, ಬೆಂಗಳೂರಿನಿಂದ ಇಬ್ಬರು ಮೂವರು ಚಿತ್ರಕಥೆ ಬರೆಯುವವರನ್ನು ತಂದು ಅವರ ಎದುರು ಕೂಡಿಸಲಿ. ವಿಶ್ವವಿದ್ಯಾಲಯದವರು ಮನಸ್ಸು ಮಾಡಿದರೆ ಕುರ್ಚಿ ಹಾಕಲು, ಪರದೆ ಕಟ್ಟಲು ಈ ಊರಿನ ಸಿನಿಮಾಪ್ರಿಯರು ಬರುತ್ತಾರೆ. ನಾನಂತೂ ಬರುತ್ತೇನೆ, ಓದುಗರೂ ಬನ್ನಿ.