ಮದಕರಿಯ ಮಾನ, ಮದಕರಿಯ ಲೆಕ್ಕ

ಚಿತ್ರದುರ್ಗದ ಕಡೆಯ ಪಾಳೆಯಗಾರ ಮದಕರಿ ನಾಯಕನನ್ನು ಜನ ಗಂಡುಗಲಿ ಅನ್ನುತ್ತಾರೆ, ರಾಜವೀರ ಅನ್ನುತ್ತಾರೆ. ಲೆಕ್ಕಾಚಾರದಲ್ಲಿ ಗಟ್ಟಿಗ ಅಂತ ಯಾರೂ ಹೊಗಳುವುದಿಲ್ಲ. ಹೊಗಳಿದರೆ ಅವಮಾನ ಮಾಡಿದ ಹಾಗೆ ಕೇಳಿಸೀತು. ಆದರೆ 1754ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿಗೆ ಪಟ್ಟಕ್ಕೆ ಬಂದವನು 1779ರವರೆಗೆ ದುರ್ಗವನ್ನು ಕೈಬಿಡದೆ ಹಿಡಿದಿದ್ದ. ಬಡಗಲಲ್ಲಿ ಪೇಶ್ವೆ, ತೆಂಕಲಲ್ಲಿ ಹೈದರಾಲಿ, ಮಗ್ಗುಲಲ್ಲೇ ಹರಪನಹಳ್ಳಿ, ರಾಯದುರ್ಗಗಳ ಹಳೆಯ ಹಗೆ. ಇವರೆಲ್ಲರ ನಡುವೆ 25 ವರ್ಷ ಬರೀ ತೋಳಬಲದಿಂದ ಯಾರೂ ಆಳಲಾರರು. ತ.ರಾ.ಸು. ಅವರ ಕಾದಂಬರಿ ‘ದುರ್ಗಾಸ್ತಮಾನ’ವನ್ನೂ ದುರ್ಗದ ಸುತ್ತ ಬೆಳೆದ ಒಟ್ಟು ವೀರಕಥನವನ್ನೂ ಇಟ್ಟುಕೊಂಡು ಕೇಳಬೇಕಾದ ಪ್ರಶ್ನೆ ಇದು: ಲೆಕ್ಕದಲ್ಲಿ ಬಾಳಿದವನನ್ನು ಮಾನಕ್ಕಾಗಿ ಮಾತ್ರ ಸತ್ತವನಂತೆ ಚಿತ್ರಿಸಿ ನಾವು ಏನು ಗಳಿಸಿದೆವು?

ಅವನ ಲೆಕ್ಕದ ಪುಸ್ತಕವನ್ನೇ ನೋಡಿ. ಬಿದನೂರಿನ ಗದ್ದುಗೆ ತನ್ನದೆಂದು ಹೇಳಿಕೊಂಡು ಬಂದವನನ್ನು ಹೈದರನಿಗೆ ಭೇಟಿ ಮಾಡಿಸಿದ್ದು ಇದೇ ನಾಯಕ. 1763ರಲ್ಲಿ ಬಿದನೂರು ಹೈದರನ ವಶವಾಯಿತು. ಏಳು ವರ್ಷ ಕಳೆಯಿತು. ಪೇಶ್ವೆ ಮಾಧವರಾಯ ಹೈದರನ ಮೇಲೆ ಬಂದಾಗ, ಇಂದಿನ ದಾಬಸ್‌ಪೇಟೆಯ ಪಕ್ಕದ ನಿಜಗಲ್ಲು ಕೋಟೆ ಮರಾಠರ ದಂಡಿಗೆ ಮಣಿಯಲಿಲ್ಲ. ಕೊನೆಗೆ ಗೋಡೆ ಹತ್ತಿ ಅದನ್ನು ಗೆದ್ದುಕೊಟ್ಟದ್ದು ದುರ್ಗದ ನಾಯಕ ಮತ್ತು ಅವನ ಬೇಡ ಪಡೆ. ಒಮ್ಮೆ ಹೈದರನ ಕಡೆ, ಇನ್ನೊಮ್ಮೆ ಹೈದರನ ವೈರಿಯ ಕಡೆ. ಇದನ್ನು ಎರಡು ನಾಲಗೆ ಅನ್ನುವವರು ಎರಡು ಆನೆಗಳ ನಡುವಿನ ಜಾಗದಲ್ಲಿ ಸಂಸಾರ ಹೂಡಿದವರಲ್ಲ.

ತ.ರಾ.ಸು. ತಳುಕಿನ ಮನೆತನದವರು, ಈ ಜಿಲ್ಲೆಯವರೇ. ದುರ್ಗದ ಕಥೆಯನ್ನು ಅವರು ಒಂದೇ ಕಾದಂಬರಿಗೆ ಮುಗಿಸಲಿಲ್ಲ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ದಳವಾಯಿ ಮುದ್ದಣ್ಣನ ಕಾಲವನ್ನು ಬರೆದರು. ಮುದ್ದಣ್ಣ ದೊರೆಗಳನ್ನು ಕೂರಿಸುವವನು, ಇಳಿಸುವವನು. ಲೆಕ್ಕವೇ ಅವನ ಉಸಿರು, ಅದಕ್ಕೇ ಅವನು ಆ ಕಥೆಯ ಖಳ. ‘ದುರ್ಗಾಸ್ತಮಾನ’ ಬಂದದ್ದು 1982ರಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1985ರಲ್ಲಿ ಬಂದಾಗ ಲೇಖಕರು ತೀರಿಕೊಂಡು ವರ್ಷವಾಗಿತ್ತು. ನನ್ನ ಅನುಮಾನ ಇಷ್ಟೇ. ಇದ್ದಬದ್ದ ಲೆಕ್ಕಾಚಾರವನ್ನೆಲ್ಲ ಮುದ್ದಣ್ಣನ ತಲೆಗೆ ಕಟ್ಟಿದ ಮೇಲೆ, ಪ್ರೀತಿಯ ನಾಯಕನಿಗೆ ಅದರಲ್ಲಿ ಪಾಲು ಕೊಡಲು ಕಾದಂಬರಿಕಾರರಿಗೆ ಮನಸ್ಸಾಗಲಿಲ್ಲ.

ಹಾಗಿದ್ದೂ ‘ದುರ್ಗಾಸ್ತಮಾನ’ ದೊಡ್ಡ ಕೃತಿ, ಅದರಲ್ಲಿ ಎರಡು ಮಾತಿಲ್ಲ. ದೊರೆ, ನಾಗತಿಯರು, ಪ್ರಧಾನಿ, ದಳವಾಯಿ ಒಂದೆಡೆ ಕೂತು ಯಾರ ವಕೀಲನಿಗೆ ಏನು ಉತ್ತರ ಕಳಿಸಬೇಕು, ಯಾರನ್ನು ಎಷ್ಟು ದಿನ ಕಾಯಿಸಬಹುದು ಎಂದು ತೂಗಿ ಮಾತಾಡುವ ಕಡೆಗಳಲ್ಲಿ ತ.ರಾ.ಸು. ಸಂಭಾಷಣೆಗೆ ಸಾಟಿ ಕಡಿಮೆ. ಆ ಮಾತುಗಳ ಅಡಿಯಲ್ಲಿ ಭಯ ಇದೆ, ಚೌಕಾಸಿ ಇದೆ, ಮನೆತನದ ಒಳಜಗಳ ಇದೆ. ಕೊನೆಯತ್ತ ಬಂದಂತೆ ದನಿ ಬದಲಾಗುತ್ತದೆ. ಕಾದಂಬರಿಕಾರ ಭಕ್ತನಾಗುತ್ತಾನೆ, ದೊರೆಯ ಒಂದೊಂದು ಮಾತೂ ಶಾಸನಕ್ಕೆ ಕೆತ್ತಿಸುವಂತಾಗುತ್ತದೆ. ಓದುಗನ ಕಣ್ಣು ಒದ್ದೆಯಾಗುವುದು ನಿಜ. ಆದರೆ ಮನುಷ್ಯನೊಬ್ಬ ತಪ್ಪು ಲೆಕ್ಕ ಹಾಕಿ ಸೋತ ದುರಂತ ಅಲ್ಲಿ ಮಸುಕಾಗಿ, ವಿಧಿ ಬರೆದ ದುರಂತ ಮುಂದೆ ಬಂದು ನಿಲ್ಲುತ್ತದೆ.

ಆ ತಪ್ಪು ಲೆಕ್ಕ ಯಾವುದು? 1777ರಲ್ಲಿ ಮರಾಠರು, ನಿಜಾಮ ಕೂಡಿ ಹೈದರನ ಮೇಲೆ ಹೊರಟರು. ಈ ಸಲ ಗೆಲ್ಲುವವರು ಮರಾಠರೇ ಎಂದು ನಾಯಕ ಎಣಿಸಿದ, ಹೈದರನಿಂದ ದೂರ ಉಳಿದ. ಹೈದರ್ ಬಂದು ಮುತ್ತಿದ. ತಿಂಗಳುಗಟ್ಟಲೆ ಕಾದರೂ ಕೋಟೆ ಬೀಳಲಿಲ್ಲ. 13 ಲಕ್ಷ ವರಹದ ದಂಡಕ್ಕೆ ಒಪ್ಪಂದವಾಯಿತೆಂದು ರೈಸ್ ಅವರ ಗೆಜೆಟಿಯರ್ ಬರೆಯುತ್ತದೆ. ಅಷ್ಟು ಹಣ ತೆರಲು ಒಪ್ಪಿದ್ದೂ ಸೈ. ಮುಂದೆ ಹೈದರ್ ದಂಡಿಗೆ ಕರೆದಾಗ ನಾಯಕ ಮತ್ತೆ ಹಿಂದೇಟು ಹಾಕಿದ. ಅಷ್ಟರಲ್ಲಿ ಹೈದರ್ ಮರಾಠ ಸರದಾರ ಮಾನಾಜಿ ಫಾಕಡೆಯನ್ನು ದುಡ್ಡಿನಿಂದ ಒಡೆದಿದ್ದ, ಮರಾಠ ಸೇನಾಪತಿ ಹರಿಪಂತನ ದಂಡು ಹಿಂದೆ ಸರಿಯಿತು. ಎಲ್ಲೋ ದೂರದ ಪಾಳೆಯದಲ್ಲಿ ಒಬ್ಬ ಮಾರಾಟವಾದದ್ದಕ್ಕೆ ದುರ್ಗ ಬೆಲೆ ತೆತ್ತಿತು. 1779ರಲ್ಲಿ ಕೋಟೆ ಬಿತ್ತು.

ಹಾಗಾಗಿ ಮದಕರಿಯ ಕಡೆಯ ಕಾಳಗವನ್ನು ಮಾನವೋ ಲೆಕ್ಕವೋ ಎಂಬ ಹಗ್ಗಜಗ್ಗಾಟವಾಗಿ ನೋಡುವುದೇ ತಪ್ಪು. ಲೆಕ್ಕದ ದಾರಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಅವನ ಕೈಯಲ್ಲಿ ಉಳಿದದ್ದು ಮಾನ. ಬಯಲಿಗಿಳಿದು ಸಾಯುವುದೇ ಮಾನವಾಗಿದ್ದರೆ ಅದಕ್ಕೆ ಈ ಮನೆತನದಲ್ಲೇ ಇನ್ನೊಂದು ಮಾದರಿ ಇತ್ತು. 1748ರ ಸುಮಾರಿಗೆ ಮಾಯಕೊಂಡದ ಕಾಳಗದಲ್ಲಿ ಅವನಿಗಿಂತ ಹಿಂದಿನ ಮದಕರಿ ನಾಯಕ ಹರಪನಹಳ್ಳಿಯವರ ಎದುರು ರಣದಲ್ಲೇ ಬಿದ್ದ. ದೊರೆ ಸತ್ತ, ಕೋಟೆ ಉಳಿಯಿತು. ಕಡೆಯವನ ಪಾಲಿಗೆ ಕೋಟೆ ಹೋಯಿತು, ದೊರೆ ಹೆಂಡಿರು ಮಕ್ಕಳೊಂದಿಗೆ ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದ. ಜನ ಹಾಡಿಕೊಂಡದ್ದು ಮಾತ್ರ ಕಡೆಯವನನ್ನೇ. ವೀರಕಥನದ ತೂಕದ ಬಟ್ಟು ಬೇರೆಯೇ ಇದೆ.

ಮಾನ ಹೇಗಿರುತ್ತದೆಂದು ನೋಡಬೇಕಿದ್ದರೆ ಇಂಗ್ಲಿಷ್ ಇತಿಹಾಸಕಾರ ವಿಲ್ಕ್ಸ್ ಬರೆದಿಟ್ಟ ಒಂದು ಸಂಗತಿಯನ್ನು ನೋಡಬೇಕು. ಮುತ್ತಿಗೆಯ ಕಾಲದಲ್ಲಿ ಪ್ರತಿ ಸೋಮವಾರ ಬೇಡರು ದೇವಿಗೆ ಪೂಜೆ ಮಾಡಿ, ಕಹಳೆ ಊದಿ, ಹೈದರನ ಪಾಳೆಯದ ಮೇಲೆ ಬೀಳುತ್ತಿದ್ದರಂತೆ. ದಿನ ಗೊತ್ತು, ಕಹಳೆಯ ದನಿಯೂ ಗೊತ್ತು, ಬರುವ ದಿಕ್ಕೊಂದೇ ಗುಟ್ಟು. ಆದರೂ ಎಣಿಸಿದಷ್ಟು ತಲೆ ತರದೆ ಮರಳುತ್ತಿರಲಿಲ್ಲ. ಕೋಟೆ ಬಿದ್ದಾಗ ಗುಡಿಯ ಮುಂದೆ ಸಾಲಾಗಿ ಒಟ್ಟಿದ್ದ ತಲೆಗಳು ಸುಮಾರು 2,000. ಓದುವಾಗ ಮೈ ಜುಮ್ಮೆನ್ನುತ್ತದೆ, ಹೆಮ್ಮೆ ಮತ್ತು ಅಸಹ್ಯ ಒಟ್ಟಿಗೇ ಏಳುತ್ತವೆ. ಹೇಳಿ ಹೊಡೆಯುವುದೇ ಅವರ ಮಾನ. ಅದರಿಂದ ಮುತ್ತಿಗೆ ಸಡಿಲವಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಇದರ ಪಕ್ಕಕ್ಕೆ ಓಬವ್ವನನ್ನು ತನ್ನಿ. ಗಂಡ ಕಹಳೆ ಮುದ್ದಹನುಮ, ಹೆಸರೇ ಹೇಳುವಂತೆ ಕಹಳೆಯವನು. ಅವನು ಉಣ್ಣಲು ಕೂತಿದ್ದಾನೆ; ಇವಳು ನೀರಿಗೆಂದು ಬಂದು ಕೋಟೆಗೋಡೆಯ ಕಿಂಡಿಯ ಬಳಿ ಹೈದರನ ಸಿಪಾಯಿಗಳ ಪಿಸುಮಾತು ಕೇಳುತ್ತಾಳೆ. ಗಂಡನ ಊಟ ಕೆಡಿಸಲಿಲ್ಲ, ಕೂಗಲಿಲ್ಲ. ಒನಕೆ ಹಿಡಿದು ನಿಂತಳು, ತೂರಿ ಬಂದ ತಲೆಗೆ ಬಡಿದಳು, ಹೆಣವನ್ನು ಪಕ್ಕಕ್ಕೆಳೆದು ಮುಂದಿನವನಿಗೆ ಜಾಗ ಮಾಡಿಕೊಟ್ಟಳು. ಇಡೀ ದುರ್ಗದ ಕಥೆಯಲ್ಲಿ ಇಷ್ಟು ಚೊಕ್ಕವಾದ ಯುದ್ಧತಂತ್ರ ಇನ್ನೊಂದಿಲ್ಲ. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ‘ನಾಗರಹಾವು’ (1972) ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಬಂದ ಹಾಡು ಅವಳನ್ನು ಮನೆಮನೆಗೂ ಮುಟ್ಟಿಸಿತು. ಆದರೆ ಆ ಹಾಡೂ ಅವಳ ಆವೇಶವನ್ನು ಹಿಡಿಯಿತೇ ಹೊರತು ಉಪಾಯವನ್ನಲ್ಲ. ಕೆದರಿದ ಕೂದಲು, ಕೆಂಡದ ಕಣ್ಣು ನೆನಪಿನಲ್ಲಿ ಉಳಿದವು. ಸದ್ದಿಲ್ಲದೆ ಹೆಣ ಎಳೆದ ತಣ್ಣನೆಯ ಬುದ್ಧಿ ಉಳಿಯಲಿಲ್ಲ.

ಮಾನ, ಲೆಕ್ಕ ಎರಡನ್ನೂ ಒಟ್ಟಿಗೆ ಹಿಡಿದ ಕಥೆ ಹೊರಗೊಂದಿದೆ. ‘ದುರ್ಗಾಸ್ತಮಾನ’ ಬಂದ 1982ರಲ್ಲೇ ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಸರಣಿಯ ಎರಡನೆಯ ಚಿತ್ರ ತೆರೆಗೆ ಬಂತು. ಅದರಲ್ಲಿ ಹಡಗಿನ ನಾಯಕರಾಗಲು ಕಲಿಯುವವರಿಗೆ ಒಂದು ಪರೀಕ್ಷೆ: ಏನೇ ಮಾಡಿದರೂ ಸೋಲು, ಸೋಲನ್ನು ಹೇಗೆ ಎದುರಿಸುತ್ತೀಯ ಎಂಬುದನ್ನಷ್ಟೇ ನೋಡುತ್ತಾರೆ. ಕರ್ಕ್ ಎಂಬವನು ಗಣಕದ ಲೆಕ್ಕವನ್ನೇ ತಿದ್ದಿ ಪಾಸಾಗಿದ್ದಾನೆ. ಎದುರಾಳಿ ಖಾನ್‌ಗೆ ಬಂಟನೊಬ್ಬ ಬಿಟ್ಟು ಹೋಗೋಣ ಅನ್ನುತ್ತಾನೆ, ಅವನು ಹಟ ಬಿಡದೆ ಹಾಳಾಗುತ್ತಾನೆ. ಕೊನೆಗೆ ಹಡಗು ಉಳಿಯಬೇಕಾದಾಗ ಕರ್ಕನ ಗೆಳೆಯ ಸ್ಪಾಕ್ ತನ್ನ ಜೀವ ಕೊಡುತ್ತಾನೆ, ಅದೂ ಲೆಕ್ಕ ಹಾಕಿಯೇ. ಮಾನವೂ ಲೆಕ್ಕವೂ ಒಂದೇ ಸಾವಿನಲ್ಲಿ ಸೇರಬಹುದು ಎಂಬುದನ್ನು ಆ ಜನಪ್ರಿಯ ಚಿತ್ರ ನಮ್ಮ ಗಂಭೀರ ಕಾದಂಬರಿಗಿಂತ ಸರಾಗವಾಗಿ ಒಪ್ಪಿಕೊಂಡಿತು. ಒಂದು ಅನುಕೂಲ ಅದಕ್ಕಿತ್ತೆನ್ನಿ: ಆಕಾಶನೌಕೆಯ ಕೆಳಗೆ ಹಳ್ಳಿಗಳಿರುವುದಿಲ್ಲ.

ದುರ್ಗದ ಕೆಳಗೆ ಇದ್ದವು. ತಿಂಗಳುಗಟ್ಟಲೆ ಬೀಡುಬಿಟ್ಟ ಸೈನ್ಯ ತಿನ್ನುವುದು ಬಯಲಿನ ರಾಗಿಯನ್ನು, ದನದ ಮೇವನ್ನು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಸೀಮೆಗೆ ಏಳು ಸುತ್ತಿನ ಗೋಡೆ ಇರಲಿಲ್ಲ. ಹೈದರ್, ಮರಾಠರ ಜಗಳದಲ್ಲಿ ಹಿರಿಯೂರು ನುಗ್ಗುನುಚ್ಚಾಯಿತು. ನಮ್ಮ ವೀರಕಥನ ಬೆಟ್ಟದ ಮೇಲೆ ನಿಂತೇ ಮಾತಾಡುತ್ತದೆ, ಕೆಳಗೆ ಇಳಿಯುವುದಿಲ್ಲ.

ಇನ್ನೊಂದು ಊನ ದ್ರೋಹಿಯ ಪಾತ್ರದ್ದು. ನಾಯಕನ ಸೇವೆಯಲ್ಲಿದ್ದ ಮುಸಲ್ಮಾನ ಅಧಿಕಾರಿಗಳ ವಂಚನೆಯಿಂದ ಕೋಟೆ ಬಿತ್ತು ಎಂಬುದು ಇಂಗ್ಲಿಷರ ಬರಹಗಳ ಮಾತು. ಹೈದರ್, ಟಿಪ್ಪು ಇಬ್ಬರೊಂದಿಗೂ ಕಾದಾಡಿ ರಾಜ್ಯ ಹಿಡಿದವರಿಗೆ ಹೈದರನ ಗೆಲುವನ್ನು ಮೋಸದ ಗೆಲುವೆನ್ನುವುದು ಅನುಕೂಲವಾಗಿಯೂ ಇತ್ತು. ಒಳಸಂಚು ನಡೆದೇ ಇರಬಹುದು. ಆದರೆ ಆ ಅಧಿಕಾರಿಗಳ ಪಡೆಯೇ ಅಷ್ಟು ಕಾಲ ದುರ್ಗದ ಅನ್ನ ಉಂಡು ದುರ್ಗಕ್ಕಾಗಿಯೇ ಕಾದಿತ್ತು. ಮಾನವನ್ನೆಲ್ಲ ದೊರೆಗೆ, ದ್ರೋಹವನ್ನೆಲ್ಲ ಒಂದು ಧರ್ಮದವರಿಗೆ ಹಂಚಿ ಕೊಡುವ ಕಥೆ ಭಾಷಣಕ್ಕೆ ಒಗ್ಗುತ್ತದೆ, ಸಾಹಿತ್ಯಕ್ಕಲ್ಲ. ದೊರೆ ಮರಾಠರ ಕಡೆ ವಾಲಿದರೆ ರಾಜತಂತ್ರ, ಸಿಪಾಯಿ ಹೈದರನ ಕಡೆ ವಾಲಿದರೆ ದ್ರೋಹ ಎನ್ನುವಾಗ ವಿಮರ್ಶಕ ಒಂದು ಗಳಿಗೆ ತಡೆಯಲೇಬೇಕು.

ದುರ್ಗ ಬಿದ್ದ ಮೇಲೆ ಹೈದರ್ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ನಡುಗಡ್ಡೆಗೆ ಸಾಗಿಸಿದ. ಅವರ ಗಂಡುಮಕ್ಕಳನ್ನು ಸೆರೆಹುಡುಗರ ‘ಚೇಲಾ’ ಪಟಾಲಮಿಗೆ ಸೇರಿಸಿದರು. ಯಾರ ವಿರುದ್ಧ ಅಪ್ಪಂದಿರು ಕಾದಿದ್ದರೋ ಅವರ ಬಾವುಟದಡಿ ಮಕ್ಕಳು ಕವಾಯತು ಕಲಿತರು. ದುರ್ಗದ ಕಡೆಯ ಕಾಳಗದ ಬೆಲೆಯನ್ನು ತೂಗಬೇಕಾದದ್ದು ಇಲ್ಲಿ. ‘ದುರ್ಗಾಸ್ತಮಾನ’ವನ್ನು ಓದದವರು ಓದಬೇಕು, ಓದಿದವರು ಅದರ ಸಂಧಾನದ ಪುಟಗಳಿಗೆ ಮರಳಬೇಕು. ಮುಂದೆ ದುರ್ಗದ ಬಗ್ಗೆ ಬರೆಯುವ ಕಾದಂಬರಿಕಾರರಲ್ಲಿ ನನ್ನದೊಂದು ಕೋರಿಕೆ: ಬತೇರಿಯ ಮೇಲಿನ ದೊರೆಯಿಂದಲ್ಲ, ಕಾವೇರಿಯ ಕಡೆಗೆ ನಡೆಸಿಕೊಂಡು ಹೋದ ಆ ಜನರಿಂದ ಕಥೆ ಶುರು ಮಾಡಿ.