ಸೋರಬೇಕಾದಷ್ಟು ಸೋರಲಿ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳಿಗೆ ರಜೆ, ಬೋಟು ರಿಪೇರಿಯವರಿಗೆ ಬಿಡುವಿಲ್ಲದ ದುಡಿಮೆ. ಮಲ್ಪೆಯಿರಲಿ, ಗಂಗೊಳ್ಳಿಯಿರಲಿ, ಮಂಗಳೂರಿನ ದಕ್ಕೆಯಿರಲಿ, ಈ ಎರಡು ತಿಂಗಳು ಬಲೆಗಿಂತ ಸ್ಪಾನರಿಗೇ ಬೆಲೆ ಹೆಚ್ಚು. ಆಗಸ್ಟಿನಲ್ಲಿ ಹೊರಟ ಆಳಸಮುದ್ರದ ಬೋಟು ವಾರ, ಹತ್ತು ದಿನ ದಡಕ್ಕೆ ಬಾರದೆ ದುಡಿಯುವುದುಂಟು. ಅಲ್ಲಿ ಎಂಜಿನ್ ಕೈಕೊಟ್ಟರೆ ಇನ್ನೊಂದು ಬೋಟು ತನ್ನ ದುಡಿಮೆ ಬಿಟ್ಟು, ಹಗ್ಗ ಕಟ್ಟಿ ಎಳೆದು ತರಬೇಕು.

ಹಲವು ಬೋಟುಗಳ ಹೊಟ್ಟೆಯಲ್ಲಿ ಕೂತಿರುವುದು ಲಾರಿ ಎಂಜಿನ್ನಿನ ದಾಯಾದಿಯೇ. ಪಿಸ್ಟನ್, ವಾಲ್ವ್, ಇಂಜೆಕ್ಟರ್ ಎಲ್ಲದರ ನಡೆಯೂ ಒಂದೇ. ಹಾಗಾದರೆ ಹೆದ್ದಾರಿ ಗ್ಯಾರೇಜಿನ ಜಾಣನೊಬ್ಬನನ್ನು ದಕ್ಕೆಗೆ ಕರೆತಂದರೆ ಸಾಕಲ್ಲ? ಸಾಲದು. ಬೋಟಿನ ಮೆಕ್ಯಾನಿಕ್‌ನ ವಿದ್ಯೆಯ ಮುಕ್ಕಾಲು ಪಾಲು ನೀರಿನ ಲೆಕ್ಕ. ಕಡಲನ್ನು ಎಲ್ಲಿ ಒಳಕ್ಕೆ ಕರೆಯಬೇಕು, ಎಲ್ಲಿ ತಡೆಯಬೇಕು, ಎಲ್ಲಿ ಒಂದಿಷ್ಟೇ ಬಿಡಬೇಕು ಎಂಬುದು ಲಾರಿಯ ಕೆಳಗೆ ಮಲಗಿ ಕಲಿಯುವ ಪಾಠವಲ್ಲ.

ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ಬೋಟಿನೊಳಗಿಂದ ನೀರಿಗೆ ದಾಟುವ ಜಾಗವನ್ನೇ ನೋಡಿ. ಅಲ್ಲಿ ರಂಧ್ರ ಇರಲೇಬೇಕು, ಬೋಟು ಮುಳುಗಲೂ ಬಾರದು. ಅದಕ್ಕೊಂದು ಗ್ಲ್ಯಾಂಡ್. ಅದರೊಳಗೆ ಎಣ್ಣೆಯಲ್ಲಿ ನೆನೆದ ಹಗ್ಗದಂಥ ಪ್ಯಾಕಿಂಗನ್ನು ಉಂಗುರ ಉಂಗುರವಾಗಿ ಕತ್ತರಿಸಿ, ಒಂದರ ಬಾಯಿಯ ಮೇಲೆ ಇನ್ನೊಂದರ ಬಾಯಿ ಬಾರದಂತೆ ಕೂರಿಸಿ ನಟ್ಟು ಬಿಗಿಯುತ್ತಾರೆ. ಹೊಸಬ ಒಂದು ಹನಿಯೂ ಬಾರದಂತೆ ಬಿಗಿದು ಬೀಗುತ್ತಾನೆ. ಬೋಟು ಓಡತೊಡಗಿ ಸ್ವಲ್ಪ ಹೊತ್ತಿಗೆ ಗ್ಲ್ಯಾಂಡ್ ಕಾದು, ಪ್ಯಾಕಿಂಗ್ ಸುಟ್ಟು, ಶಾಫ್ಟಿನ ಮೈಮೇಲೆ ಗೀರು ಬೀಳುತ್ತದೆ. ಅಲ್ಲಿ ತೊಟ್ಟಿಕ್ಕುವ ನೀರೇ ಎಣ್ಣೆ, ಅದೇ ತಂಪು. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬರಬೇಕು, ನಿಂತಾಗ ಹೆಚ್ಚುಕಡಿಮೆ ನಿಲ್ಲಬೇಕು. ಅನುಭವಸ್ಥ ಮೀಟರು ಹುಡುಕುವುದಿಲ್ಲ. ಗ್ಲ್ಯಾಂಡಿನ ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡುತ್ತಾನೆ. ಬೆಚ್ಚಗಿದ್ದರೆ ಸರಿ, ಕೈ ಸುಟ್ಟರೆ ನಟ್ಟು ಸಡಿಲಿಸು.

ಕಡಲ ನೀರನ್ನೇ ಎಣ್ಣೆಯಾಗಿಸುವ ಈ ಉಪಾಯಕ್ಕೆ ಹಳೆಯ ಇತಿಹಾಸವಿದೆ. ಹಬೆಹಡಗುಗಳಿಗೆ ಪ್ರೊಪೆಲ್ಲರ್ ಬಂದ ಹೊಸದರಲ್ಲಿ ಶಾಫ್ಟಿಗೆ ಆಧಾರವಾದ ಹಿತ್ತಾಳೆಯ ಬೇರಿಂಗುಗಳು ಬೇಗನೆ ಸವೆದುಹೋಗುತ್ತಿದ್ದವು. 1854ರಲ್ಲಿ ಇಂಗ್ಲೆಂಡಿನ ಜಾನ್ ಪೆನ್ ಲಿಗ್ನಮ್ ವಿಟೆ ಎಂಬ ಗಟ್ಟಿ ಮರದ ಪಟ್ಟಿಗಳ ಬೇರಿಂಗಿಗೆ ಪೇಟೆಂಟ್ ಪಡೆದ. ಕಬ್ಬಿಣದ ಯುಗದ ದೊಡ್ಡ ತೊಡಕೊಂದನ್ನು ಮರ ಮತ್ತು ಉಪ್ಪುನೀರು ಸೇರಿ ಬಗೆಹರಿಸಿದವು. ಇಂದು ಸಾಮಾನ್ಯವಾಗಿ ಮರದ ಬದಲು ತೋಡುಗಳುಳ್ಳ ರಬ್ಬರ್ ಇದೆ, ಸೂತ್ರ ಮಾತ್ರ ಅದೇ.

ಎಂಜಿನ್ ತಂಪುಗೊಳಿಸಲು ಕಡಲ ನೀರೆಳೆಯುವ ಪಂಪಿನಲ್ಲಿ ರಬ್ಬರ್ ಇಂಪೆಲ್ಲರ್ ಇರುತ್ತದೆ. ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಅದರ ರೆಕ್ಕೆಗಳು ಹರಿದುಹೋಗುತ್ತವೆ. ಹೊಸದನ್ನು ಹಾಕುವುದು ಸುಲಭದ ಕೆಲಸ. ಒಳ್ಳೆಯ ಮೆಕ್ಯಾನಿಕ್ ಅಷ್ಟಕ್ಕೇ ನಿಲ್ಲದೆ ಹರಿದ ತುಣುಕುಗಳನ್ನು ಹುಡುಕಿ ಹಳೆಯ ಇಂಪೆಲ್ಲರಿಗೆ ಜೋಡಿಸಿ ನೋಡುತ್ತಾನೆ. ಒಂದು ಚೂರು ಕಡಿಮೆಯಾದರೂ ಅದು ಮುಂದೆ ಕೊಳವೆಯಲ್ಲೆಲ್ಲೋ ಸಿಕ್ಕಿಕೊಂಡಿದೆ ಎಂದೇ ಅರ್ಥ.

ಬರಬಾರದ ಕಡೆ ಬಂದ ನೀರೂ ಸುಳಿವು ಬಿಡುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಎಂಜಿನ್ ಚಾಲೂ ಮಾಡಲೇಬಾರದು. ಅರ್ಧ ತುಂಬಿದ ಡೀಸೆಲ್ ಟ್ಯಾಂಕಿನ ಗೋಡೆಯಲ್ಲಿ ಮಳೆಗಾಲದ ತೇವ ಹನಿಗಟ್ಟಿ ತಳಕ್ಕಿಳಿಯುತ್ತದೆ, ಆದ್ದರಿಂದ ಫಿಲ್ಟರಿನ ತಳದ ನೀರನ್ನು ಆಗಾಗ ಬಸಿಯಬೇಕು.

ಬೋಟಿನ ತಳಕ್ಕೆ ಬಡಿಯುವ ಸತುವಿನ ಗಟ್ಟಿಯ ಕಥೆ ಇನ್ನೂ ಸ್ವಾರಸ್ಯಕರ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿದ್ದರೆ ಒಂದು ಕರಗುತ್ತದೆ. ಪ್ರೊಪೆಲ್ಲರ್, ಶಾಫ್ಟುಗಳ ಬದಲು ಸತು ಕರಗಲಿ ಎಂಬುದು ಲೆಕ್ಕ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ಹೊದಿಕೆ ಉಳಿಸಲು ಇದೇ ಉಪಾಯ ಹೂಡಿದ. ತಾಮ್ರವೇನೋ ಉಳಿಯಿತು. ಆದರೆ ಕರಗುವ ತಾಮ್ರದ ವಿಷಕ್ಕೆ ಹೆದರಿ ದೂರವಿದ್ದ ಕಡಲ ಚಿಪ್ಪುಜೀವಿಗಳೂ ಪಾಚಿಯೂ ಧಾರಾಳವಾಗಿ ಬೆಳೆದು ಹಡಗಿನ ವೇಗ ಕುಗ್ಗಿತು! ಇಂದಿನ ಪ್ರಮಾದ ಬೇರೆ ಬಗೆಯದು. ತಳಕ್ಕೆ ಬಣ್ಣ ಬಳಿಯುವ ಉತ್ಸಾಹದಲ್ಲಿ ಸತುವಿಗೂ ಬಳಿದುಬಿಟ್ಟರೆ ಅದು ದಂಡಕ್ಕೆ ಹೊತ್ತ ಭಾರ.

ಎಂಜಿನ್ ಮತ್ತು ಶಾಫ್ಟನ್ನು ಒಂದೇ ಗೆರೆಗೆ ತರುವ ಅಲೈನ್‌ಮೆಂಟಿಗೂ ಕಡಲಿನ ಒಪ್ಪಿಗೆ ಬೇಕು. ದಡದಲ್ಲಿ ಆಧಾರ ಕೊಟ್ಟು ನಿಲ್ಲಿಸಿದ ಬೋಟಿನ ಮೈ ನೀರಿಗಿಳಿದಾಗ ತುಸು ಬಾಗುತ್ತದೆ. ಹಾಗಾಗಿ ತೇಲುವ ಬೋಟಿನಲ್ಲೇ ಕಪ್ಲಿಂಗಿನ ಸಂದಿಗೆ ಫೀಲರ್ ಗೇಜ್ ತೂರಿಸಿ ಕೊನೆಯ ಅಳತೆ ನೋಡಬೇಕು. ಮಾಲೀಕರಿಗೆ ಸದಾ ಅವಸರ. ಈ ಒಂದು ಕೆಲಸದಲ್ಲಿ ಅವರ ಮಾತು ಕೇಳದವನೇ ಒಳ್ಳೆಯ ಮೆಕ್ಯಾನಿಕ್.

ನಿಷೇಧದ ದಿನಗಳಲ್ಲೂ 10 ಅಶ್ವಶಕ್ತಿವರೆಗಿನ ಮೋಟಾರಿನ ನಾಡದೋಣಿಗಳಿಗೆ ಕಡಲಿಗಿಳಿಯಲು ಅವಕಾಶವಿದೆ. ಇಂಥ ದೋಣಿಗಳ ಸೀಮೆಎಣ್ಣೆಯ ಔಟ್‌ಬೋರ್ಡ್ ಎಂಜಿನ್ ಪೆಟ್ರೋಲಿನಲ್ಲಿ ಎದ್ದು, ಕಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುತ್ತದೆ. ನಿಲ್ಲಿಸುವ ಮುನ್ನ ಕಾರ್ಬ್ಯುರೇಟರಿನ ಸೀಮೆಎಣ್ಣೆ ಖಾಲಿಯಾಗುವವರೆಗೆ ಮತ್ತೆ ಪೆಟ್ರೋಲಿನಲ್ಲಿ ಓಡಿಸಬೇಕು. ದಣಿದು ದಡ ಸೇರಿದವರಿಗೆ ಅಷ್ಟು ತಾಳ್ಮೆ ಎಲ್ಲಿ? ಮರುದಿನ ಹಗ್ಗ ಎಳೆದೆಳೆದು ಸಾಕಾಗಿ ಎಂಜಿನ್ ಹೊತ್ತು ತಂದವರಿಗೆ ಮೆಕ್ಯಾನಿಕ್ ಸ್ಪಾನರ್ ಮುಟ್ಟುವ ಮೊದಲೇ ಕೇಳುತ್ತಾನೆ: “ನಿನ್ನೆ ಪೆಟ್ರೋಲಿಗೆ ತಿರುಗಿಸಿ ನಿಲ್ಲಿಸಿದ್ರಾ, ಇಲ್ವಾ?”