ಹರ್-2 ಪರೀಕ್ಷೆ: ಗೆರೆ ಯಾವ ಔಷಧಿಯದು?

ಸ್ತನ ಕ್ಯಾನ್ಸರಿನ ಪೆಥಾಲಜಿ ವರದಿಯಲ್ಲಿ ‘ಹರ್-2 ನೆಗೆಟಿವ್’ ಎಂದಿದ್ದರೆ ಆ ಜೀನೇ ಅಲ್ಲಿಲ್ಲವೆಂದು ಮನೆಯವರು ತಿಳಿಯುತ್ತಾರೆ. 17ನೇ ವರ್ಣತಂತುವಿನ ಈ ಜೀನು ಎಲ್ಲರಲ್ಲೂ ಇದೆ. ಅದರಿಂದ ತಯಾರಾಗುವ ಪ್ರೋಟೀನು ಕೋಶದ ಪೊರೆಯನ್ನು ತೂರಿ ನಿಂತಿರುತ್ತದೆ. ಒಳಗಿನ ಭಾಗ ಟೈರೋಸಿನ್ ಕೈನೇಸ್ ಎಂಬ ಕಿಣ್ವ, ಬೆಳೆಯುವ ಸಂದೇಶವನ್ನು ಒಳಕ್ಕೆ ದಾಟಿಸುವುದು ಅದರ ಕೆಲಸ. ಕೆಲವು ಗೆಡ್ಡೆಗಳಲ್ಲಿ ಜೀನಿನ ಪ್ರತಿಗಳು ವಿಪರೀತ ಹೆಚ್ಚಿರುತ್ತವೆ, ಅಂಥ ರೋಗಿಗಳ ಸ್ಥಿತಿ ಬೇಗ ಬಿಗಡಾಯಿಸುತ್ತದೆ ಎಂದು ಡೆನ್ನಿಸ್ ಸ್ಲ್ಯಾಮನ್ ತಂಡ 1987ರಲ್ಲಿ ತೋರಿಸಿತು. ಆ ಸಂದೇಶಕ್ಕೆ ತಡೆಯೊಡ್ಡುವ ಟ್ರಾಸ್ಟುಜುಮಾಬ್‌ಗೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ಔಷಧಿಯ ಹಿರಿಮೆಯ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಅದರ ಜೊತೆಗೇ ಬಂದ ಪರೀಕ್ಷೆಯನ್ನು ನಾವು ಓದುವ ರೀತಿಯ ಮೇಲೆ.

ಗೆಡ್ಡೆಯ ತೆಳುಪದರಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳ ಸುತ್ತ ಗಾಢ ಕಂದು ಉಂಗುರ ಪೂರ್ತಿ ಮೂಡಿದ್ದರೆ 3+. ಮಸುಕಾಗಿ, ಅರೆಬರೆಯಾಗಿ ಕಂಡರೆ 1+. ಬಹುತೇಕ ಏನೂ ಕಾಣದಿದ್ದರೆ 0. ನಡುವಿನ 2+ ಬಂದರೆ ಜೀನಿನ ಪ್ರತಿಗಳನ್ನೇ ಎಣಿಸುವ ಫಿಶ್ ಪರೀಕ್ಷೆ. ಇಷ್ಟು ಮೆಟ್ಟಿಲುಗಳನ್ನು ಎಣಿಸಿ, ಕೊನೆಗೆ ಪಾಸಿಟಿವ್, ನೆಗೆಟಿವ್ ಎಂದು ಗೆರೆ ಎಳೆದು ಎರಡೇ ಗುಂಪು ಮಾಡಿ ಮುಗಿಸುತ್ತಿದ್ದರು. ವೈದ್ಯರಿಗೆ ಬೇಕಾದದ್ದು ಟ್ರಾಸ್ಟುಜುಮಾಬ್ ಕೊಡಬೇಕೋ ಬೇಡವೋ ಎಂಬ ಉತ್ತರ ತಾನೇ ಎಂದು ಕೇಳಬಹುದು. ಬಿ-47 ಎಂಬ ದೊಡ್ಡ ಪ್ರಯೋಗದಲ್ಲಿ ಕಡಿಮೆ ಹರ್-2 (1+, ಅಥವಾ ಫಿಶ್‌ನಲ್ಲಿ ಪ್ರತಿಗಳು ಹೆಚ್ಚಿಲ್ಲದ 2+) ಇದ್ದ 3,270 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಟ್ರಾಸ್ಟುಜುಮಾಬ್ ಸೇರಿಸಿದರೂ ಲಾಭವಾಗಲಿಲ್ಲ. ಹಾಗಾದರೆ ಗೆರೆ ಸರಿಯೇ ಇತ್ತು, ಆದರೆ ಆ ಒಂದು ಔಷಧಿಯ ಮಟ್ಟಿಗೆ. ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬ ಹೊಸ ಔಷಧಿ ಬಂದಾಗ ಲೆಕ್ಕವೇ ಬದಲಾಯಿತು. ಅದು ಈ ಪ್ರೋಟೀನನ್ನು ಹಿಡಿದುಕೊಂಡು ಕೋಶದೊಳಕ್ಕೆ ವಿಷ ಸಾಗಿಸುತ್ತದೆ. ಗೆಡ್ಡೆ ಹರ್-2ರ ಬಲದಿಂದಲೇ ಬೆಳೆಯುತ್ತಿರಬೇಕೆಂದಿಲ್ಲ. ಕಡಿಮೆ ಹರ್-2 ಇದ್ದು ರೋಗ ಬೇರೆಡೆಗೆ ಹರಡಿದ್ದವರಲ್ಲಿ ಬದುಕಿನ ಮಧ್ಯಾಂಕ ಅವಧಿ 16.8 ತಿಂಗಳಿಂದ 23.4ಕ್ಕೆ ಏರಿದ್ದು 2022ರಲ್ಲಿ ಪ್ರಕಟವಾಯಿತು. ನಿನ್ನೆಯ ನೆಗೆಟಿವ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಈ ಗುಂಪಿನವು.

0 ಮತ್ತು 1+ ನಡುವೆ ಪೆಥಾಲಜಿಸ್ಟರೇ ಒಮ್ಮತಕ್ಕೆ ಬರುವುದಿಲ್ಲ ಎಂಬ ಆಕ್ಷೇಪ ನಿಜ. ಈ ಅಳತೆ ಹುಟ್ಟಿದ್ದೇ 3+ ಹುಡುಕಲು. ಆ ಭಿನ್ನಮತ ಅಳತೆಯನ್ನು ಸುಧಾರಿಸಲು ಕಾರಣವಾಗಬೇಕೇ ಹೊರತು ಅಂಕ ಮುಚ್ಚಿಡಲು ಅಲ್ಲ. ಹೊಸ ಔಷಧಿ ಶ್ವಾಸಕೋಶಕ್ಕೆ ಅಪಾಯ ತರಬಲ್ಲದು, ಬೆಲೆಯೂ ಬಡವರ ಕೈಗೆಟುಕದು. ತಿಳಿದೇನು ಪ್ರಯೋಜನ ಎನ್ನುವವರಿದ್ದಾರೆ. ಟ್ರಾಸ್ಟುಜುಮಾಬ್ ಬೆಲೆಯೂ ಹಾಗೇ ಇತ್ತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದಕ್ಕೆ ಸಮಾನವಾದ ಔಷಧಿಯನ್ನು (ಬಯೋಸಿಮಿಲರ್) ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು. ಬೆಲೆ ಇಳಿಯುವ ದಿನ ಹಳೆಯ ಫೈಲು ತೆರೆದವರಿಗೆ ಬರೀ ‘ನೆಗೆಟಿವ್’ ಸಿಕ್ಕರೆ ಏನೂ ತಿಳಿಯದು. ಆದ್ದರಿಂದ ವರದಿ ಕೈಗೆ ಬಂದಾಗ ಅಂಕ ಎಷ್ಟೆಂದು ಕೇಳಿ, ಬರೆಸಿಕೊಳ್ಳಿ.